ಬೇರು ಕತ್ತರಿಸುವ ಸಲಿಕೆ: ಒಂದೂವರೆ ವರ್ಷ ಬಳಸಿದ ಮೇಲೆ

ಅಪ್ಪ ಹುಲ್ಲಿನ ಮೇಲೆ ನಡೆಯುತ್ತಾ ಬೇರು ಎಡವಿ ಬಿದ್ದರು. ಮಂಡಿ ತರಚಿತು, ಊರಿದ ಅಂಗೈ ಊದಿಕೊಂಡಿತು. ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಅವರು ಮರದ ಕಡೆ ಹೋಗುವುದನ್ನೇ ಬಿಟ್ಟರು. ದಿನಾ ಸಂಜೆ ಅದರ ಕೆಳಗೆ ಹತ್ತು ಸುತ್ತು ಹಾಕುತ್ತಿದ್ದವರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಈ ಸಲಿಕೆಯನ್ನು ನಾನು ಕೊಂಡಿದ್ದು ಆ ವಾರವೇ. ಈಗ ಒಂದೂವರೆ ವರ್ಷ ಆಯಿತು. ಅಷ್ಟು ದಿನ ಕೈಯಲ್ಲಿ ಹಿಡಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ಗುಲ್‌ಮೊಹರ್ ಮರ. ಕತ್ತಿಕಾಯಿ ಮರ ಅಂತಲೂ ಕರೆಯುತ್ತಾರಲ್ಲ, ಅದೇ. ಮೂಲ ಮಡಗಾಸ್ಕರ್. ರೆಂಬೆಗಳು ಕೊಡೆ ಬಿಚ್ಚಿದ ಹಾಗೆ ಹರಡುತ್ತವೆ. ಬೇರೂ ಹಾಗೇ, ಆಳಕ್ಕಿಂತ ಅಗಲಕ್ಕೇ ಜಾಸ್ತಿ. ನಾವು ಈ ಮನೆಗೆ ಬಂದಾಗ ಹುಲ್ಲುಹಾಸು ಸಮತಟ್ಟಾಗಿತ್ತು. ವರ್ಷ ಕಳೆದ ಹಾಗೆ ಬುಡದ ಸುತ್ತ ಹನ್ನೊಂದು ಬೇರು ಮೇಲೆದ್ದವು. ಕೆಲವು ಬೆರಳಿನಷ್ಟು, ಕೆಲವು ತೋಳಿನಷ್ಟು ದಪ್ಪ. ಹುಲ್ಲು ಕತ್ತರಿಸುವ ಯಂತ್ರ ಅವುಗಳ ಮೇಲೆ ಹೋದಾಗಲೆಲ್ಲ ಟಕ್ ಅಂತ ಬಡಿದು ತೊಗಟೆ ಕಿತ್ತು ಬರುತ್ತಿತ್ತು. ಯಂತ್ರದ ಬ್ಲೇಡೂ ಹಾಳು, ಬೇರೂ ಗಾಯ. ಬೇರುಗಳ ನಡುವೆ ಹುಲ್ಲು ಅಲ್ಲೊಂದು ಇಲ್ಲೊಂದು ಎಸಳು ಅಷ್ಟೇ.

ಸಲಿಕೆ ಹೇಗಿದೆ ಹೇಳುತ್ತೇನೆ. ಉದ್ದ ಸುಮಾರು ಒಂದು ಮೀಟರ್. ಅಲಗು ಮಾಮೂಲಿ ಸಲಿಕೆಗಿಂತ ಕಿರಿದು. ಎರಡೂ ಪಕ್ಕದಲ್ಲಿ ಗರಗಸದ ಹಾಗೆ ಹಲ್ಲುಗಳಿವೆ, ಹಲ್ಲಿನ ತುದಿ ಹಿಡಿಯ ಕಡೆಗೆ ವಾಲಿದೆ. ಅಂದರೆ ಕೆಳಗೆ ಚುಚ್ಚುವಾಗ ಅದು ಜಾರಿಕೊಂಡು ಹೋಗುತ್ತದೆ, ಮೇಲಕ್ಕೆ ಎಳೆಯುವಾಗ ಕೊಯ್ಯುತ್ತದೆ. ಮುಂದಿನ ತುದಿ ನೇರವಾಗಿಲ್ಲ, ನಡುವೆ ಕಚ್ಚು ಹಾಕಿದ್ದಾರೆ. ಆ ಕಚ್ಚು ಬಹಳ ಬುದ್ಧಿವಂತಿಕೆಯ ಕೆಲಸ. ಸಾದಾ ಸಲಿಕೆಯಿಂದ ಬೇರಿಗೆ ಹೊಡೆದರೆ ಅಲಗು ಜಾರಿ ಪಕ್ಕಕ್ಕೆ ಹೋಗುತ್ತದೆ, ಅಲ್ವಾ? ಇಲ್ಲಿ ಬೇರು ಆ ಕಚ್ಚಿನೊಳಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಮೇಲೆ ದುಂಡನೆಯ ದೊಡ್ಡ ಹಿಡಿ, ಎರಡು ಕೈಯಲ್ಲೂ ಯಾವ ಕಡೆಯಿಂದ ಬೇಕಾದರೂ ಹಿಡಿಯಬಹುದು. ಕಾಲಿಡಲು ಅಲಗಿನ ಮೇಲೆ ಎರಡು ಪಟ್ಟಿ. ತೂಕ ಸುಮಾರು ಎರಡು ಕಿಲೋ. ಸಾದಾ ಸಲಿಕೆಗಿಂತ ಬೆಲೆ ಜಾಸ್ತಿ.

ಸಲಿಕೆ ಬರುವ ಮೊದಲೇ ಎರಡು ತಪ್ಪು ಆಗಿ ಹೋಗಿದ್ದವು. ಅವನ್ನು ಹೇಳದೆ ಮುಂದೆ ಹೋದರೆ ಈ ಸಲಿಕೆಯಿಂದ ನಾನು ಏನು ಮಾಡಿದೆ, ಏನು ಮಾಡಲಿಲ್ಲ ಅನ್ನುವುದು ಅರ್ಥವಾಗುವುದಿಲ್ಲ.

ಮೊದಲನೆಯದು, ಮಣ್ಣು ಹಾಕಿದ್ದು. ಬೇರು ಕಾಣುತ್ತಿದೆಯಲ್ಲ, ಮುಚ್ಚಿದರಾಯಿತು ಅಂದುಕೊಂಡೆ. ಒಂದು ಗೇಣು ಎತ್ತರಕ್ಕೆ ಕೆಂಪು ಮಣ್ಣು ಹರಡಿ, ಮಟ್ಟ ಮಾಡಿ, ಮೇಲೆ ಹುಲ್ಲು ನೆಟ್ಟೆ. ಮೂರು ತಿಂಗಳು ಚೆನ್ನಾಗಿತ್ತು. ಎರಡು ಜೋರು ಮಳೆಗೆ ಮಣ್ಣು ಕೊಚ್ಚಿಹೋಗಿ ಬೇರುಗಳು ಮೊದಲಿಗಿಂತ ಬೋಳಾಗಿ ನಿಂತವು. ಕೊಚ್ಚಿಹೋಗಿದ್ದೇ ಒಳ್ಳೆಯದಾಯಿತು ಅಂತ ಆಮೇಲೆ ಗೊತ್ತಾಯಿತು. ಬೇರಿಗೂ ಗಾಳಿ ಬೇಕು. ಮರದ ಬೇರುಗಳಲ್ಲಿ ಬಹುಪಾಲು ನೆಲದ ಮೇಲ್ಪದರದ 60 ಸೆಂಟಿಮೀಟರಿನೊಳಗೇ ಇರುತ್ತವೆ. ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳು ಇನ್ನೂ ಮೇಲೆ, ಹೆಚ್ಚುಕಮ್ಮಿ ಒಂದು ಅಡಿಯೊಳಗೆ. ತಾಯಿಬೇರು ಪಾತಾಳಕ್ಕೆ ಇಳಿದಿರುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ದೊಡ್ಡ ಮರಗಳಲ್ಲಿ ಹಾಗಿರುವುದು ಕಡಿಮೆ. ಇಂಥ ಕಡೆ ದಪ್ಪಗೆ ಮಣ್ಣು ಸುರಿದರೆ ಕೆಳಗಿನ ಬೇರಿಗೆ ಉಸಿರುಕಟ್ಟುತ್ತದೆ. ಬುಡಕ್ಕೆ ಮಣ್ಣು ತಾಗಿಕೊಂಡಿದ್ದರೆ ತೊಗಟೆ ಕೊಳೆಯುತ್ತದೆ. ಬದುಕಿದ ಬೇರು ಮತ್ತೆ ಮೇಲಕ್ಕೇ ಬರುತ್ತದೆ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ತೋಟದ ಕೆಲಸಕ್ಕೆ ಅಂತ ಕರೆಸಿದ್ದ ಒಬ್ಬರು, ಇದೆಲ್ಲ ಒಂದು ಗಂಟೆಯ ಕೆಲಸ ಅಂತ ಹೇಳಿ ಕೊಡಲಿ ತಂದರು. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಬುಡದಿಂದ ಒಂದೇ ಮೀಟರ್ ದೂರದಲ್ಲಿ, ನನ್ನ ತೋಳಿನಷ್ಟು ದಪ್ಪದ ಬೇರನ್ನು ಕಡಿದು ಎರಡು ತುಂಡು ಮಾಡಿದ್ದರು. ಅಳೆದು ನೋಡಿದೆ, ಒಂಬತ್ತು ಸೆಂಟಿಮೀಟರ್. ಅಲ್ಲಿಗೇ ನಿಲ್ಲಿಸಲು ಹೇಳಿದೆ. ಮಾರನೇ ವರ್ಷ ಅದೇ ಕಡೆಯ ಎರಡು ರೆಂಬೆ ಚಿಗುರಲೇ ಇಲ್ಲ. ಕಡಿದ ದಿನ ಮರಕ್ಕೆ ಏನೂ ಆದ ಹಾಗೆ ಕಾಣುವುದಿಲ್ಲ. ಲೆಕ್ಕ ಬರುವುದು ಒಂದು ವರ್ಷ, ಎರಡು ವರ್ಷ ಬಿಟ್ಟು. ಅಷ್ಟು ದಪ್ಪದ ಬೇರು ನೀರು ತರುವುದಷ್ಟೇ ಅಲ್ಲ, ಗಾಳಿ ಬೀಸಿದಾಗ ಮರವನ್ನು ಹಿಡಿದು ನಿಲ್ಲಿಸುವುದೂ ಅದೇ. ಗುಲ್‌ಮೊಹರ್ ಮೊದಲೇ ಜೋರು ಗಾಳಿಗೆ ಬುಡಸಮೇತ ಮಗುಚುವ ಜಾತಿಯದು. ಆ ಬೇರು ಮನೆಯ ಕಡೆಯದಾಗಿತ್ತು. ಈಗಲೂ ಗಾಳಿ ಜೋರಾದ ರಾತ್ರಿ ಎದ್ದು ಕಿಟಕಿಯಿಂದ ನೋಡುತ್ತೇನೆ.

ಹಾಗಾಗಿ ಸಲಿಕೆ ಬಂದಾಗ ಮೊದಲು ಕೈಗೆತ್ತಿಕೊಂಡಿದ್ದು ಅಳತೆಯ ಟೇಪನ್ನು. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದೆ, 160 ಸೆಂಟಿಮೀಟರ್ ಬಂತು. ಅದನ್ನು 3.14ರಿಂದ ಭಾಗಿಸಿದರೆ ಕಾಂಡದ ಅಡ್ಡಗಲ 51 ಸೆಂಟಿಮೀಟರ್. ಮರಗಳ ಹತ್ತಿರ ಕಟ್ಟಡ ಕಟ್ಟುವವರಿಗಾಗಿ ಬ್ರಿಟನ್ನಿನಲ್ಲಿ ಬಿಎಸ್ 5837 ಅಂತ ಒಂದು ಮಾನದಂಡವಿದೆ. ಅದರ 2012ರ ರೂಪದ ಪ್ರಕಾರ ಕಾಂಡದ ಅಡ್ಡಗಲದ 12 ಪಟ್ಟು ದೂರದವರೆಗಿನ ನೆಲವನ್ನು ಮರದ ಪಾಲು ಅಂತ ಕಾಪಾಡಬೇಕು. ನಮ್ಮ ಮರಕ್ಕೆ ಅದು ಆರು ಮೀಟರಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಹುಲ್ಲುಹಾಸು ಇರುವುದೇ ಹನ್ನೆರಡು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲ. ಬುಡಕ್ಕೆ ಹಗ್ಗ ಕಟ್ಟಿ, ತುದಿಗೆ ಗೂಟ ಸಿಕ್ಕಿಸಿ ವೃತ್ತ ಎಳೆದೆ. ಹೆಚ್ಚುಕಮ್ಮಿ ಇಡೀ ಹುಲ್ಲುಹಾಸು ಅದರೊಳಗೆ ಬಂದುಬಿಟ್ಟಿತು. ಅಪ್ಪ ಕುರ್ಚಿಯಿಂದಲೇ ನೋಡಿ, ‘ಹಾಗಾದರೆ ನಾವೇ ಮರದ ಜಾಗದಲ್ಲಿ ಇದ್ದೇವೆ’ ಅಂದರು.

ಅದೇ ಮಾನದಂಡ ಇನ್ನೊಂದು ಮಾತು ಹೇಳುತ್ತದೆ. 25 ಮಿಲಿಮೀಟರಿಗಿಂತ ಸಣ್ಣ ಬೇರನ್ನು ನೀಟಾಗಿ ಕತ್ತರಿಸಬಹುದು. ಅದಕ್ಕಿಂತ ದಪ್ಪದ್ದಾದರೆ, ಇಲ್ಲವೇ ಬೇರುಗಳು ಗೊಂಚಲಾಗಿದ್ದರೆ, ಮರದ ವಿಷಯ ತಿಳಿದವರನ್ನು ಕೇಳಿಯೇ ಕತ್ತರಿಸಬೇಕು. ಇದರ ಜೊತೆಗೆ ಮರದ ಕೆಲಸ ಮಾಡುವವರು ಸಾಮಾನ್ಯವಾಗಿ ಹೇಳುವ ಒಂದು ಲೆಕ್ಕ ಇದೆ: ಕಾಂಡದ ಅಡ್ಡಗಲದ ಮೂರು ಪಟ್ಟು ದೂರದೊಳಗೆ ದಪ್ಪ ಬೇರಿನ ತಂಟೆಗೆ ಹೋಗಲೇಬೇಡಿ, ಐದಾರು ಪಟ್ಟು ಬಿಟ್ಟರೆ ಇನ್ನೂ ಒಳ್ಳೆಯದು. ನಮ್ಮ ಮರಕ್ಕೆ ಮೂರು ಪಟ್ಟು ಅಂದರೆ ಒಂದೂವರೆ ಮೀಟರ್. ಕೊಡಲಿ ಬಿದ್ದಿದ್ದು ಅದರೊಳಗೇ.

ಹನ್ನೊಂದು ಬೇರಿನಲ್ಲಿ ಈ ಎರಡೂ ಲೆಕ್ಕಕ್ಕೆ ಹೊಂದಿ ನಾನೇ ಕತ್ತರಿಸಬಹುದಾಗಿದ್ದು ಎರಡು. ಬರೀ ಎರಡು. ಬೇರು ಕತ್ತರಿಸಲೆಂದೇ ತರಿಸಿದ ಸಲಿಕೆ ಕೈಯಲ್ಲಿದೆ, ಕೆಲಸ ಎರಡೇ ಬೇರಿನದು.

ಆ ಎರಡರಲ್ಲಿ ಸಲಿಕೆ ತುಂಬಾ ಚೆನ್ನಾಗಿ ನಡೆಯಿತು. ಹಿಂದಿನ ದಿನ ನೆಲಕ್ಕೆ ಚೆನ್ನಾಗಿ ನೀರು ಬಿಟ್ಟಿದ್ದೆ. ಒಣನೆಲದಲ್ಲಿ ಈ ಸಲಿಕೆಯೂ ಪುಟಿಯುತ್ತದೆ, ತೀರಾ ಕೆಸರಾಗಿದ್ದರೆ ಜೇಡಿ ಹಲ್ಲುಗಳ ಸಂದಿಗೆ ಮೆತ್ತಿಕೊಂಡು ಹಲ್ಲು ಇದ್ದೂ ಇಲ್ಲದ ಹಾಗೆ ಆಗುತ್ತದೆ. ನೀರು ಬಿಟ್ಟ ಮಾರನೇ ದಿನ ಸರಿಯಾದ ಹದ. ಒಂದೂವರೆ ಸೆಂಟಿಮೀಟರಿನ ಬೇರು ಒಂದೇ ತುಳಿತಕ್ಕೆ ಕಟ್ ಅಂತ ತುಂಡಾಯಿತು. ಎರಡು ಸೆಂಟಿಮೀಟರಿನದಕ್ಕೆ ಮೂರು ತುಳಿತ, ಆಮೇಲೆ ಹಲ್ಲು ತಾಗಿಸಿ ಮೇಲಕ್ಕೆ ನಾಲ್ಕು ಎಳೆತ. ಕತ್ತರಿಸಿದ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಹೊರಗೆ ಕಾಗದದಷ್ಟು ತೆಳು ಕಂದು ಸಿಪ್ಪೆ, ಒಳಗೆ ಕೆನೆ ಬಣ್ಣ, ಮುಟ್ಟಿದರೆ ತಣ್ಣಗೆ, ಒದ್ದೆ. ತುದಿ ಚೂರೂ ಸೀಳಿರಲಿಲ್ಲ.

ಕತ್ತರಿಸಿದ ಜಾಗಕ್ಕೆ ಏನನ್ನೂ ಬಳಿಯಲಿಲ್ಲ. ಬಣ್ಣ, ಡಾಂಬರು, ಮೇಣ ಯಾವುದೂ ಬೇಕಿಲ್ಲ. ಮರ ನಮ್ಮ ಚರ್ಮದ ಹಾಗೆ ಗಾಯ ಮಾಯಿಸಿಕೊಳ್ಳುವುದಿಲ್ಲ. ಗಾಯದ ಸುತ್ತ ಒಳಗಿಂದಲೇ ಗೋಡೆ ಕಟ್ಟಿ ಕೊಳೆ ಮುಂದೆ ಹೋಗದ ಹಾಗೆ ತಡೆಯುತ್ತದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ 1970ರ ದಶಕದಲ್ಲಿ ಸಾವಿರಾರು ಕಾಂಡಗಳನ್ನು ಸೀಳಿ ನೋಡಿ ಇದನ್ನು ವಿವರಿಸಿದರು. ಗೋಡೆ ಸರಿಯಾಗಿ ಕಟ್ಟಬೇಕಾದರೆ ಕತ್ತರಿಸಿದ ಅಂಚು ನೀಟಾಗಿರಬೇಕು.

ಅಂಚಿನ ವಿಷಯದಲ್ಲೇ ಸಲಿಕೆಯ ದೊಡ್ಡ ಕೊರತೆ ಇರುವುದು. ಕೊಡಲಿ ಬಿದ್ದ ಬೇರಿನ ಆಚೆಯ ತುಂಡು ಹೇಗೂ ಸತ್ತಿತ್ತು. ಅದರ ಮೇಲೆ ಪರೀಕ್ಷೆ ಮಾಡಿದೆ. ನಾಲ್ಕು ಸೆಂಟಿಮೀಟರ್ ದಪ್ಪ ಇದ್ದ ಕಡೆ ಹತ್ತು ನಿಮಿಷ ತುಳಿದೆ, ಎಳೆದೆ. ತುಂಡಾಯಿತು ನಿಜ. ಆದರೆ ತುದಿ ಸವೆದ ಪೊರಕೆಯ ಹಾಗೆ ನಾರು ನಾರಾಗಿತ್ತು, ಸಿಪ್ಪೆ ಒಂದು ಗೇಣು ದೂರದವರೆಗೆ ಸುಲಿದಿತ್ತು. ಜೀವ ಇರುವ ಬೇರಿಗೆ ಹೀಗೆ ಮಾಡಿದರೆ ಕೊಳೆ ಒಳಗೆ ಇಳಿಯಲು ದಾರಿ ಮಾಡಿಕೊಟ್ಟ ಹಾಗೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ಮುಂಗೈ ಗಾತ್ರದ ಬೇರನ್ನು ಕತ್ತರಿಸುತ್ತಿರುವ ಹಾಗೆ ತೋರಿಸಿದ್ದಾರೆ. ಸಾಯಲಿ ಅಂತ ಬಿಟ್ಟ ಬೊಡ್ಡೆಯ ಬೇರಾದರೆ ಸರಿ, ಉಳಿಸಿಕೊಳ್ಳಬೇಕಾದ ಮರಕ್ಕೆ ಆ ಚಿತ್ರ ನಂಬಿ ಕೈ ಹಾಕಬೇಡಿ. 25 ಮಿಲಿಮೀಟರ್ ದಾಟಿದ್ದಕ್ಕೆ ಮಡಚುವ ಕೈಗರಗಸವೇ ಬೇಕು. ಅದಕ್ಕೂ ಮೊದಲು ಬೇರಿನ ಸುತ್ತಲ ಮಣ್ಣು ಬಿಡಿಸಿ, ನೀರು ಹಾಕಿ ಬ್ರಷ್‌ನಿಂದ ತೊಳೆಯಿರಿ. ಮಣ್ಣಿನ ಕಣ ಗರಗಸದ ಹಲ್ಲನ್ನು ಒಂದೇ ದಿನದಲ್ಲಿ ತಿಂದುಹಾಕುತ್ತದೆ. ತುದಿ ನೀಲಿಗಟ್ಟಿದ ಹಾಗಿರುವ ಹಲ್ಲುಗಳಿದ್ದರೆ ಅವು ಕಾಯಿಸಿ ಗಟ್ಟಿ ಮಾಡಿದವು, ಮತ್ತೆ ಮಸೆಯಲು ಬರುವುದಿಲ್ಲ.

ಇನ್ನು ಸಿಮೆಂಟಿನ ಕಾಲುದಾರಿಯ ಬೇರು. ಬುಡದಿಂದ ನಾಲ್ಕು ಮೀಟರ್ ದೂರದಲ್ಲಿ ಅದು ದಾರಿಯ ಒಂದು ಚಪ್ಪಡಿಯನ್ನು ಎರಡು ಬೆರಳು ಮೇಲೆತ್ತಿತ್ತು. ದಪ್ಪ ನಾಲ್ಕು ಸೆಂಟಿಮೀಟರ್, ಹಾಗಾಗಿ ನನ್ನ ಲೆಕ್ಕಕ್ಕೆ ಬರಲಿಲ್ಲ. ಈ ಸಲ ಕೊಡಲಿಯವರ ಬದಲು ಮರಗಳ ಆರೈಕೆಯನ್ನೇ ಕಲಿತ ಒಬ್ಬ ಆರ್ಬರಿಸ್ಟ್‌ ಅವರನ್ನು ಕರೆಸಿದೆ. ಅವರು ತಂದಿದ್ದು ಗಾಳಿ ಊದುವ ಉಪಕರಣ. ಕಂಪ್ರೆಸರಿನ ಗಾಳಿ ಒಂದು ಸಣ್ಣ ಮೂತಿಯಿಂದ ಭಾರೀ ವೇಗದಲ್ಲಿ ಬರುತ್ತದೆ. ಮಣ್ಣು ಪುಡಿಯಾಗಿ ಹಾರಿಹೋಗುತ್ತದೆ, ಬೇರಿಗೆ ಹೆಚ್ಚು ಪೆಟ್ಟಾಗುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಒಂದು ಹಾಸಿಗೆಯಷ್ಟು ಜಾಗದ ಮಣ್ಣು ಖಾಲಿ.

ಅಲ್ಲಿ ಕಂಡಿದ್ದನ್ನು ನಾನು ಮರೆಯುವುದಿಲ್ಲ. ಬೇರುಗಳು ಒಂದರ ಮೇಲೊಂದು, ಕೆಳಗೆ ಮೇಲೆ ಹೆಣೆದ ಚಾಪೆಯ ಹಾಗೆ. ಎರಡು ಬೇರು ಉಜ್ಜಿಕೊಂಡ ಕಡೆ ಒಂದಕ್ಕೊಂದು ಅಂಟಿ ಒಂದೇ ಆಗಿದ್ದವು. ಎಲ್ಲವೂ ಮೇಲಿನ ಒಂದು ಗೇಣಿನೊಳಗೆ. ಅದರ ಕೆಳಗೆ ಇದ್ದಿದ್ದು ಮನೆ ಕಟ್ಟುವಾಗ ಲಾರಿಗಳು ಓಡಾಡಿ ತುಳಿದು ಗಟ್ಟಿಯಾದ ಜೇಡಿ, ಇಟ್ಟಿಗೆ ಚೂರು. ಅದಕ್ಕೆ ಹಾರೆ ಹಾಕಿದರೂ ಇಳಿಯಲಿಲ್ಲ. ಬೇರು ಯಾಕೆ ಮೇಲೆ ಬಂತು ಅಂತ ಇಷ್ಟು ವರ್ಷ ಮರವನ್ನು ಬೈಯುತ್ತಿದ್ದೆ. ಕೆಳಗೆ ಹೋಗಲು ಅದಕ್ಕೆ ಜಾಗವೇ ಇರಲಿಲ್ಲ. ಅದರ ಮೇಲೆ ನಾವು ದಿನಾ ಸಂಜೆ ಹುಲ್ಲಿಗೆ ಸುಮ್ನೆ ಹತ್ತು ನಿಮಿಷ ನೀರು ಚಿಮುಕಿಸುತ್ತಿದ್ದೆವು. ನೆಂದಿದ್ದು ಮೇಲಿನ ಎರಡು ಅಂಗುಲ ಮಾತ್ರ. ನೀರು ಅಲ್ಲೇ, ಗಾಳಿ ಅಲ್ಲೇ, ಬೇರೂ ಅಲ್ಲೇ. ಕಾಂಡದ ಹಾಗೇ ಬೇರೂ ವರ್ಷ ವರ್ಷ ದಪ್ಪವಾಗುತ್ತದೆ, ಹಾಗಾಗಿ ಮೊದಲು ಕಾಣದೇ ಇದ್ದದ್ದು ಕಾಲಕ್ರಮೇಣ ಹುಲ್ಲಿನಿಂದ ಹೊರಗೆ ಬೆನ್ನು ತೋರಿಸುತ್ತದೆ.

ಕಾಲುದಾರಿಯ ಬೇರನ್ನು ಅವರೇ ಕೈಗರಗಸದಿಂದ ಕತ್ತರಿಸಿದರು. ಮತ್ತೆ ಬರದ ಹಾಗೆ ದಾರಿಯ ಪಕ್ಕದಲ್ಲಿ ಬೇರು ತಡೆಯುವ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಸುವ ಕೆಲಸ ನನ್ನದು. ಮೂರು ಮೀಟರ್ ಉದ್ದ, 60 ಸೆಂಟಿಮೀಟರ್ ಆಳದ ಕಿರಿದಾದ ಕಾಲುವೆ ಬೇಕಿತ್ತು. ಇಲ್ಲಿ ಈ ಸಲಿಕೆಗೆ ಪೂರ್ತಿ ಅಂಕ ಕೊಡುತ್ತೇನೆ. ಅಲಗು ಕಿರಿದಾದ್ದರಿಂದ ಒಂದು ಗೇಣಿಗಿಂತ ಅಗಲವಾಗದ ಹಾಗೆ ನೇರವಾಗಿ ಇಳಿದೆ. ಪಕ್ಕದ ಸಣ್ಣಪುಟ್ಟ ಬೇರು ಗೋಡೆಯ ಮಟ್ಟಕ್ಕೆ ತುಂಡಾಗುತ್ತಾ ಬಂದವು. ಗಟ್ಟಿ ಪದರ ಸಿಕ್ಕ ಕಡೆ ಮಾತ್ರ ಮೊದಲು ಹಾರೆಯಿಂದ ಬಿಡಿಸಿಕೊಳ್ಳಬೇಕಾಯಿತು. ಹಾಳೆಯ ಮೇಲಂಚು ನೆಲಕ್ಕಿಂತ ಒಂದು ಬೆರಳು ಮೇಲೆ ಇರಲಿ, ಇಲ್ಲದಿದ್ದರೆ ಬೇರು ಅದನ್ನು ಹತ್ತಿ ದಾಟುತ್ತದೆ. ಎಷ್ಟೋ ವರ್ಷದ ಮೇಲೆ ಅಡಿಯಿಂದ ನುಸುಳಿ ಬರುವುದೂ ಉಂಟು.

ಆ ಕಾಲುವೆಯಲ್ಲೇ ಹನಿ ನೀರಾವರಿಯ 16 ಮಿಲಿಮೀಟರಿನ ಪೈಪನ್ನೂ ಕತ್ತರಿಸಿದೆ. ಹಲ್ಲಿಗೆ ಬೇರು ಯಾವುದು, ಪೈಪು ಯಾವುದು ಗೊತ್ತಾಗುವುದಿಲ್ಲ, ತುಳಿಯುವ ಕಾಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ನೀರಿನ ಪೈಪಾದ್ದರಿಂದ ಬಚಾವಾದೆ. ವಿದ್ಯುತ್ ಕೇಬಲ್ ಎಲ್ಲಿ ಹೋಗಿದೆ ಅಂತ ಗೊತ್ತುಮಾಡಿಕೊಳ್ಳದೆ ಈ ಸಲಿಕೆಯನ್ನು ನೆಲಕ್ಕೆ ಇಳಿಸಬೇಡಿ. ಇದನ್ನು ನಾನು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಉಳಿದ ಎಂಟು ಬೇರುಗಳು ಹಾಗೇ ಇದ್ದವು, ಅಪ್ಪ ಎಡವಿದ್ದೂ ಅದರಲ್ಲಿ ಒಂದು. ಆರ್ಬರಿಸ್ಟ್ ಹೋಗುವಾಗ ಹೇಳಿದ ಮಾತು ಇದು: ‘ಬೇರು ತೆಗೆಯುವುದು ಬಿಡಿ, ಹುಲ್ಲು ತೆಗೆಯಿರಿ.’ ಮೊದಲು ನನಗೆ ಒಪ್ಪಿಗೆಯಾಗಲಿಲ್ಲ. ಹುಲ್ಲುಹಾಸು ಉಳಿಸಲೆಂದೇ ಇಷ್ಟೆಲ್ಲ ಮಾಡುತ್ತಿರುವುದಲ್ವಾ? ಎರಡು ದಿನ ಯೋಚಿಸಿದೆ. ಆ ನೆರಳಲ್ಲಿ ಹುಲ್ಲು ಯಾವತ್ತೂ ಸರಿಯಾಗಿ ಬಂದಿರಲಿಲ್ಲ. ನಾವು ಸುಮ್ನೆ ಪ್ರತಿ ವರ್ಷ ನೆಡುತ್ತಿದ್ದೆವು, ಅದು ಪ್ರತಿ ವರ್ಷ ಸಾಯುತ್ತಿತ್ತು.

ಸಲಿಕೆ ನಿಜವಾಗಿ ಬೆಲೆ ತೀರಿಸಿದ್ದು ಆಗ. ಬೇರುಗಳು ಎಲ್ಲಿಯವರೆಗೆ ಬೆನ್ನು ತೋರಿಸುತ್ತಿವೆಯೋ ಅಲ್ಲಿಯವರೆಗೆ ಹಗ್ಗ ಹಾಸಿ ಒಂದು ಗೆರೆ ಮಾಡಿಕೊಂಡೆ. ಸರಿಯಾದ ವೃತ್ತ ಬರಲಿಲ್ಲ, ಅಂಕುಡೊಂಕಾಗಿ, ಎಲೆಯ ಆಕಾರದಲ್ಲಿ ಬಂತು. ತಿರುವುಗಳನ್ನು ಮಾತ್ರ ಹುಲ್ಲು ಕತ್ತರಿಸುವ ಯಂತ್ರ ಒಂದೇ ಓಟದಲ್ಲಿ ತಿರುಗುವ ಹಾಗೆ ಅಗಲ ಮಾಡಿದೆ. ಆ ಗೆರೆಯ ಮೇಲೆ ಸಲಿಕೆಯನ್ನು ನಾಲ್ಕು ಬೆರಳು ಆಳಕ್ಕೆ ಇಳಿಸಿ ಅಂಚು ಕತ್ತರಿಸಿದೆ. ಹಲ್ಲಿನ ಅಂಚು ಹುಲ್ಲಿನ ಬೇರಿನ ಜಡೆಯನ್ನು ಬಟ್ಟೆ ಹರಿದ ಹಾಗೆ ಸರಾಗವಾಗಿ ಬಿಡಿಸುತ್ತದೆ. ಇಂಥ ಅಂಚು ಸಾದಾ ಸಲಿಕೆಯಿಂದ ನನಗೆ ಯಾವತ್ತೂ ಬಂದಿಲ್ಲ. ಆಮೇಲೆ ಸಲಿಕೆಯನ್ನು ಹೆಚ್ಚುಕಮ್ಮಿ ಮಲಗಿಸಿ, ಹುಲ್ಲಿನ ಕೆಳಗೆ ತೂರಿಸಿ, ತೆಳುವಾಗಿ ಎಬ್ಬಿಸಿದೆ. ದಪ್ಪ ಬೇರಿನ ಹತ್ತಿರ ಬಂದಾಗ ಸಲಿಕೆ ಬದಿಗಿಟ್ಟು ಕೈಯಲ್ಲೇ ಕಿತ್ತೆ. ಮೂರು ಭಾನುವಾರ ಹಿಡಿಯಿತು.

ಖಾಲಿಯಾದ ಜಾಗಕ್ಕೆ ಮರದ ಚಕ್ಕೆ ಹರಡಿದೆ, ಸುಮಾರು ಏಳು ಸೆಂಟಿಮೀಟರ್ ದಪ್ಪ. ಹತ್ತು ಸೆಂಟಿಮೀಟರ್ ದಾಟಬಾರದು, ದಾಟಿದರೆ ಅದೂ ಮಣ್ಣಿನ ಹಾಗೇ ಉಸಿರುಕಟ್ಟಿಸುತ್ತದೆ. ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಟ್ಟಿದ್ದೇನೆ. ಬುಡಕ್ಕೆ ಗುಡ್ಡೆ ಹಾಕಿದರೆ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿಲ್ಲ, ನೀವೂ ಹಾಸಬೇಡಿ. ಬೇರುಗಳ ಬೆನ್ನು ಮುಚ್ಚುವಷ್ಟು ಚಕ್ಕೆ ಸಾಕು. ಎರಡು ಬೇರುಗಳ ನಡುವಿನ ಅಗಲ ಜಾಗದಲ್ಲಿ ಚಪ್ಪಟೆ ಕಲ್ಲುಗಳನ್ನು ಅಪ್ಪನ ಹೆಜ್ಜೆಯ ಅಳತೆಗೆ ಇಟ್ಟೆ. ಅವರನ್ನೇ ನಡೆಸಿ, ಪಾದ ಬಿದ್ದ ಕಡೆ ಸುಣ್ಣದ ಪುಡಿ ಹಾಕಿ ಗುರುತು ಮಾಡಿಕೊಂಡೆ. ಕಲ್ಲಿನ ಕೆಳಗೆ ಅಗೆಯಲಿಲ್ಲ, ಮರಳಿನ ಮೇಲೆ ಕೂರಿಸಿದ್ದು ಅಷ್ಟೇ.

ನೀರು ಬಿಡುವ ಕ್ರಮವನ್ನೂ ಬದಲಾಯಿಸಿದೆ. ದಿನಾ ಚಿಮುಕಿಸುವುದು ನಿಲ್ಲಿಸಿ, ವಾರಕ್ಕೊಮ್ಮೆ ನಿಧಾನವಾಗಿ, ಉದ್ದದ ಸ್ಕ್ರೂಡ್ರೈವರ್ ಒಂದು ಗೇಣು ಸಲೀಸಾಗಿ ಇಳಿಯುವವರೆಗೆ ಬಿಡುತ್ತೇನೆ. ಈಗಾಗಲೇ ಮೇಲೆ ಬಂದ ಬೇರು ಇದರಿಂದ ಕೆಳಗೆ ಹೋಗುವುದಿಲ್ಲ. ಹೊಸ ಬೇರಿಗಾದರೂ ಕೆಳಗೆ ನೀರು ಇದೆ ಅಂತ ತಿಳಿಯಲಿ.

ಎಂಟು ತಿಂಗಳಾದ ಮೇಲೆ ಒಂದು ಕಡೆ ಚಕ್ಕೆ ಸರಿಸಿ ನೋಡಿದೆ. ಕೆಳಗಿನದು ಕಪ್ಪಗೆ ಪುಡಿಯಾಗಿತ್ತು, ಹಿಡಿದರೆ ಮಳೆ ಬಂದ ಕಾಡಿನ ವಾಸನೆ. ಅದರೊಳಗೆ ಬಿಳಿ ದಾರದಂಥ ಶಿಲೀಂಧ್ರದ ಎಳೆಗಳು. ಅವುಗಳ ಜೊತೆ ಗುಲ್‌ಮೊಹರ್‌ನ ಹೊಸ ಬೇರುಗಳು, ಹೊಲಿಗೆ ನೂಲಿನಷ್ಟು ಸಣ್ಣವು, ತುದಿ ಮಾತ್ರ ಹಾಲಿನಷ್ಟು ಬೆಳ್ಳಗೆ. ಮೆಲ್ಲಗೆ ಮುಚ್ಚಿಟ್ಟೆ. ಕೊಡಲಿ ಬಿದ್ದ ಕಡೆಯ ಮೂರನೇ ರೆಂಬೆ ಈ ವರ್ಷ ಚಿಗುರಿದೆ. ಒಣಗಿದ ಎರಡನ್ನು ತೆಗೆಸಿದೆವು.

ಸಲಿಕೆಯ ಬಗ್ಗೆ ಇನ್ನೂ ಕೆಲವು ಮಾತು ಉಳಿದಿದೆ. ಕಾಲಿಡುವ ಪಟ್ಟಿ ಕಿರಿದು, ತೆಳು ಅಟ್ಟೆಯ ಚಪ್ಪಲಿಯಲ್ಲಿ ತುಳಿದರೆ ಅಂಗಾಲು ನೋಯುತ್ತದೆ, ಗಟ್ಟಿ ಬೂಟು ಬೇಕೇ ಬೇಕು. ಕಲ್ಲು ಜಾಸ್ತಿ ಇರುವ ನೆಲದಲ್ಲಿ ಹಲ್ಲಿನ ತುದಿ ಬಾಗುತ್ತದೆ, ನನ್ನದರಲ್ಲಿ ಎಡಗಡೆಯ ಮೂರು ಹಲ್ಲು ಹಾಗಾಗಿವೆ. ಸಣ್ಣ ಅರದಿಂದ ಒಂದೊಂದೇ ಹಲ್ಲು ಮಸೆಯಬಹುದು, ಅರ್ಧ ಗಂಟೆಯ ಕೆಲಸ. ಕಪ್ಪು ಲೇಪ ಮೊದಲ ತಿಂಗಳಲ್ಲೇ ಅಂಚಿನಿಂದ ಎದ್ದುಹೋಯಿತು. ಬಳಸಿದ ಮೇಲೆ ತೊಳೆದು, ಒರೆಸಿ, ಎಣ್ಣೆ ಬಟ್ಟೆ ಉಜ್ಜದಿದ್ದರೆ ತುಕ್ಕು ಗ್ಯಾರಂಟಿ. ಇದನ್ನು ಸನ್ನೆಗೋಲಿನ ಹಾಗೆ ಮೀಟಲು ಬಳಸಬೇಡಿ. ನಾನು ಒಂದು ಇಟ್ಟಿಗೆ ತುಂಡನ್ನು ಮೀಟಲು ಹೋದಾಗ ಅಲಗು ಮತ್ತು ಕೊಳವೆ ಸೇರುವ ಕಡೆ ಸಣ್ಣ ಸದ್ದು ಬಂತು, ಅಲ್ಲಿಗೇ ನಿಲ್ಲಿಸಿದೆ. ಹಲ್ಲುಗಳು ನಿಜವಾಗಿಯೂ ಹರಿತ, ಮಕ್ಕಳಿರುವ ಮನೆಯಲ್ಲಿ ಎತ್ತರಕ್ಕೆ ನೇತುಹಾಕಿ.

ಬೇವು, ಆಕಾಶಮಲ್ಲಿಗೆ ಇಂಥ ಮರಗಳಿರುವವರು ಇನ್ನೂ ಹುಷಾರಾಗಿರಬೇಕು. ಅವುಗಳ ಬೇರಿಗೆ ಗಾಯವಾದರೆ ಅಲ್ಲಿಂದಲೇ ಹೊಸ ಸಸಿ ಏಳುತ್ತದೆ. ಒಂದು ಬೇರು ಕತ್ತರಿಸಿ ಹತ್ತು ಚಿಗುರು ಕೀಳುತ್ತಾ ಕೂರಬೇಕಾಗುತ್ತದೆ.

ಯಾರು ಕೊಳ್ಳಬೇಕು? ಹೊಸ ಗಿಡ ನೆಡಲು ಬೇರು ತುಂಬಿದ ನೆಲದಲ್ಲಿ ಗುಂಡಿ ತೋಡುವವರು, ಹಳೆಯ ಪೊದೆ ಕಿತ್ತುಹಾಕುವವರು, ಬೇರು ತಡೆಯುವ ಹಾಳೆ ಇಳಿಸುವವರು, ಹುಲ್ಲಿನ ಅಂಚು ಕತ್ತರಿಸುವವರು ಧಾರಾಳವಾಗಿ ಕೊಳ್ಳಿ. ಬದುಕಿರುವ ದೊಡ್ಡ ಮರದ ದಪ್ಪ ಬೇರು ತೆಗೆಯಬೇಕು ಅಂತಲೇ ಕೊಳ್ಳುವುದಾದರೆ ಬೇಡ. ಅದೇ ದುಡ್ಡನ್ನು ಚಕ್ಕೆಗೆ ಹಾಕಿ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಒಂದು ಕಳೆದಿದ್ದು ಡಬ್ಬಿಯ ಮೇಲಿನ ಆ ಚಿತ್ರಕ್ಕೆ.

ಅಪ್ಪ ಈಗ ಮತ್ತೆ ಸಂಜೆ ಸುತ್ತು ಹಾಕುತ್ತಾರೆ, ಕಲ್ಲಿನ ಮೇಲೆ, ಹತ್ತಲ್ಲ, ಆರು ಸುತ್ತು. ನಿನ್ನೆ ನಡೆಯುತ್ತಾ ನಿಂತು ಕೋಲಿನಿಂದ ತೋರಿಸಿದರು. ದಾರಿಯ ಕಡೆ ಹುಲ್ಲು ನಾಲ್ಕು ಬೆರಳು ಒಳಗೆ ಬಂದಿದೆ, ಚಕ್ಕೆಯ ಮೇಲೆ ಹಬ್ಬುತ್ತಿದೆ. ಮೂರು ತಿಂಗಳಿಗೊಮ್ಮೆ ಇದು ಇದ್ದದ್ದೇ. ಭಾನುವಾರ ಬೆಳಿಗ್ಗೆ ಸಲಿಕೆ ಇಳಿಸಿ ಅಂಚನ್ನು ಮತ್ತೆ ಕತ್ತರಿಸಬೇಕು, ಇವತ್ತೇ ನೀರು ಬಿಟ್ಟಿದ್ದೇನೆ.